ಕಮಿಟೆಡ್, ಡಿವೋಟೆಡ್, ಬೌಂಡ್, ಒಬ್ಲೈಜ್ಡ್: ಮಾತು ಕೊಡುವಾಗ ಯಾವ ಇಂಗ್ಲಿಷ್ ಪದ ಬಳಸಬೇಕು?

ಕಳೆದ ಮಳೆಗಾಲದ ಒಂದು ಸಂಜೆ ನರ್ಸಿಂಗ್ ಕೊನೆಯ ವರ್ಷದ ಹುಡುಗಿಯೊಬ್ಬಳು ಬಿಜೈಯ ನಮ್ಮ ಮನೆಗೆ ಬಂದಳು. ಗಲ್ಫಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕುವುದಿತ್ತು. ಪ್ಲಾಸ್ಟಿಕ್ ತೊಟ್ಟೆಯೊಳಗೆ ಮಡಚಿಟ್ಟಿದ್ದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಒಂದು ಮೂಲೆ ಒದ್ದೆಯಾಗಿತ್ತು. ಎರಡನೆಯ ಸಾಲು ಹೀಗಿತ್ತು: 'ಐ ಆಮ್ ಬೌಂಡ್ ಟು ಕೇರ್ ಮೈ ಪೇಶಂಟ್ಸ್'. ಬೌಂಡ್ ಎಂಬುದರ ಮೇಲೆ ಪೆನ್ಸಿಲಿನಲ್ಲಿ ಕಮಿಟೆಡ್, ಅದರ ಮೇಲೆ ಡಿವೋಟೆಡ್, ಪಕ್ಕದಲ್ಲಿ ಒಬ್ಲೈಜ್ಡ್. ಬರೆದು ಅಳಿಸಿ, ಬರೆದು ಅಳಿಸಿ, ಆ ಜಾಗದಲ್ಲಿ ಕಾಗದವೇ ತೆಳುವಾಗಿತ್ತು.

"ಟೀಚರ್, ಡಿಕ್ಷನರಿಯಲ್ಲಿ ಎಲ್ಲದಕ್ಕೂ ಬದ್ಧ ಅಂತಲೇ ಉಂಟು. ಹಾಗಾದ್ರೆ ಯಾವುದು ಹಾಕಿದ್ರೂ ಆಗ್ತದಲ್ವಾ?"

ಆಗುವುದಿಲ್ಲ. ಇಪ್ಪತ್ತು ವರ್ಷಗಳಿಂದ ಮಂಗಳೂರಿನಲ್ಲಿ ಮಕ್ಕಳ ಅರ್ಜಿ, ದೊಡ್ಡವರ ರಾಜೀನಾಮೆ, ಅಂಗಡಿ ಇಟ್ಟವರ ಇಮೇಲ್ ತಿದ್ದುತ್ತಿದ್ದೇನೆ. ಕಾಗುಣಿತದ ತಪ್ಪು ಯಾರ ಕೆಲಸವನ್ನೂ ಕಳೆದದ್ದು ನಾನು ಕಂಡಿಲ್ಲ. ನಿಷ್ಠೆ, ಹೊಣೆ, ಕಟ್ಟುಪಾಡು ಹೇಳುವ ಪದವನ್ನು ತಪ್ಪಾಗಿ ಆರಿಸಿ ತಾವು ಹೇಳದೇ ಇದ್ದ ಅರ್ಥಕ್ಕೆ ಸಿಕ್ಕಿಬಿದ್ದವರನ್ನು ಮಾತ್ರ ಸಾಕಷ್ಟು ಕಂಡಿದ್ದೇನೆ. ನಮ್ಮ 'ಬದ್ಧ', ನಮ್ಮ 'ಬೇಕು' ಎರಡೂ ತುಂಬಾ ಅಗಲದ ಪದಗಳು. ಇಂಗ್ಲಿಷಿನಲ್ಲಿ ಅದೇ ಜಾಗವನ್ನು ಹತ್ತು ಪದಗಳು ಹಂಚಿಕೊಂಡಿವೆ, ಒಂದೊಂದಕ್ಕೂ ಅದರದೇ ಬೇಲಿ ಇದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಈ ಗಂಟು ಹಾಕಿದವರು ಯಾರು? ನಾನೇ ಹಾಕಿಕೊಂಡೆನಾ, ಕಾನೂನೋ ಕಂಪೆನಿಯೋ ಹಾಕಿತಾ? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಎರಡನೆಯದು, ಮಾತು ತಪ್ಪಿದರೆ ತೆರಬೇಕಾದ್ದೇನು? ಬರೀ ಬೇಸರವೋ, ಮರ್ಯಾದೆಯೋ, ದುಡ್ಡೋ? ಪದದ ಬೆಲೆ ಎಂದು ನಾನು ಕರೆಯುವುದು ಇದನ್ನೇ. ಜೇಬಿನಲ್ಲಿ ಇರುವಷ್ಟೇ ಬೆಲೆಯ ಪದ ಕೊಳ್ಳಬೇಕು. ಮೂರನೆಯದು, ಓದುವವರು ಯಾರು? ನಾಲ್ಕನೆಯದು ವ್ಯಾಕರಣ: 'ಟು' ಎಂದ ಮೇಲೆ ಏನು ಬರುತ್ತದೆ?

ನಾಲ್ಕನೆಯದನ್ನು ಇಲ್ಲೇ ಮುಗಿಸಿಬಿಡೋಣ, ಯಾಕೆಂದರೆ ಅತಿ ಹೆಚ್ಚು ಕೆಂಪು ಶಾಯಿ ಖರ್ಚಾಗುವುದು ಅಲ್ಲೇ. ಕಮಿಟೆಡ್ ಟು, ಡೆಡಿಕೇಟೆಡ್ ಟು, ಡಿವೋಟೆಡ್ ಟು ಈ ಮೂರರ ಮುಂದೆ ಕ್ರಿಯಾಪದ ಬಂದರೆ 'ಇಂಗ್' ರೂಪದಲ್ಲೇ ಬರಬೇಕು: 'ಕಮಿಟೆಡ್ ಟು ಇಂಪ್ರೂವಿಂಗ್', 'ಡೆಡಿಕೇಟೆಡ್ ಟು ಟೀಚಿಂಗ್'. ಬೌಂಡ್ ಟು, ಒಬ್ಲೈಜ್ಡ್ ಟು, ಹ್ಯಾವ್ ಟು ಇವುಗಳ ಮುಂದೆ ಬರಿಯ ಕ್ರಿಯಾಪದ: 'ಒಬ್ಲೈಜ್ಡ್ ಟು ಪೇ', 'ಹ್ಯಾವ್ ಟು ಗೋ'. ಅನುಮಾನ ಬಂದರೆ 'ಟು' ಮುಂದೆ 'ದಿಸ್' ಇಟ್ಟು ಓದಿ ನೋಡಿ. 'ಕಮಿಟೆಡ್ ಟು ದಿಸ್' ಸರಾಗವಾಗಿ ಬರುತ್ತದೆ, ಅಲ್ಲಿ 'ಇಂಗ್' ಬೇಕು. 'ಹ್ಯಾವ್ ಟು ದಿಸ್' ಬಾಯಲ್ಲೇ ನಿಲ್ಲುತ್ತದೆ, ಅಲ್ಲಿ ಬೇಡ.

ತಾನೇ ಕಟ್ಟಿಕೊಂಡ ಕಂಕಣ: ಕಮಿಟೆಡ್, ಡೆಡಿಕೇಟೆಡ್, ಡಿವೋಟೆಡ್

ಕೆಲಸದ ಅರ್ಜಿಗೆ, ಗ್ರಾಹಕರಿಗೆ ಬರೆಯುವ ಪತ್ರಕ್ಕೆ ಮೊದಲು ನೋಡಬೇಕಾದ್ದು ಕಮಿಟೆಡ್. ಕನ್ನಡದಲ್ಲಿ ಕಂಕಣ ಕಟ್ಟಿಕೊಳ್ಳುವುದು ಅನ್ನುತ್ತೇವಲ್ಲ, ಅದೇ. ಗಂಟು ಹಾಕಿದ್ದು ನಾನೇ, ಆದರೆ ಎಲ್ಲರ ಎದುರು ಹಾಕಿದ್ದೇನೆ, ಬಿಚ್ಚಿದರೆ ನಾಲ್ಕು ಜನ ನೋಡುತ್ತಾರೆ. ಅದರಲ್ಲಿ ಪ್ರೀತಿಯ ಮಾತು ಹೆಚ್ಚಿಲ್ಲ, ಹೊಣೆಯ ಮಾತಿದೆ. ಅಪರಿಚಿತ ಅಧಿಕಾರಿಗೂ ಮುಜುಗರವಿಲ್ಲದೆ ಬರೆಯಬಹುದು. ದೋಷ ಏನೆಂದರೆ, ಪ್ರತಿಯೊಂದು ಕಂಪೆನಿಯೂ ಪ್ರತಿಯೊಂದು ಜಾಹೀರಾತಿನಲ್ಲೂ ಅದನ್ನೇ ಬಳಸಿ ಸವೆಸಿದೆ. ಹಾಗಾಗಿ ಯಾವುದಕ್ಕೆ ಕಮಿಟೆಡ್ ಎಂಬುದು ಖಚಿತವಾಗಿದ್ದರೆ ಮಾತ್ರ ಅದಕ್ಕೆ ಜೀವ. 'ಕಮಿಟೆಡ್ ಟು ಎಕ್ಸಲೆನ್ಸ್' ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. 'ಕಮಿಟೆಡ್ ಟು ರಿಪ್ಲೈಯಿಂಗ್ ವಿದಿನ್ ಒನ್ ಡೇ' ಎಂದರೆ ನಾಳೆ ಸಂಜೆಯೊಳಗೆ ಉತ್ತರ ಕೊಡಲೇಬೇಕು. ಅದು ದುಬಾರಿ, ಆದ್ದರಿಂದಲೇ ಬೆಲೆಬಾಳುವುದು.

ಡೆಡಿಕೇಟೆಡ್ ಪದದ ಮೂಲದಲ್ಲಿ ದೇವರಿಗೆ ಅರ್ಪಿಸುವ ಅರ್ಥವಿದೆ. ಇವತ್ತಿನ ಬಳಕೆಯಲ್ಲಿ ಅದು 'ಮೀಸಲು' ಎಂಬುದಕ್ಕೆ ಹತ್ತಿರ. ಡೆಡಿಕೇಟೆಡ್ ಲೈನ್ ಅಂದರೆ ಬೇರೆ ಯಾರಿಗೂ ಕೊಡದ ಲೈನ್. ಹಾಗೆಯೇ ಡೆಡಿಕೇಟೆಡ್ ಟೀಚರ್ ಅಂದರೆ ಬೇರೆ ಕಡೆ ಗಮನ ಹರಿಸದೆ ಪಾಠಕ್ಕೇ ತನ್ನನ್ನು ಕೊಟ್ಟುಕೊಂಡವರು. ಇದನ್ನು ಬೇರೆಯವರ ಬಗ್ಗೆ ಬರೆಯುವುದು ಚಂದ. ನಿವೃತ್ತರಾಗುವ ಮೇಷ್ಟ್ರಿಗೆ ಬರೆಯುವ ಮಾನಪತ್ರದಲ್ಲಿ, ಸಹೋದ್ಯೋಗಿಗೆ ಕೊಡುವ ಶಿಫಾರಸು ಪತ್ರದಲ್ಲಿ ಧಾರಾಳವಾಗಿ ಬಳಸಿ. ತನ್ನ ಬಗ್ಗೆಯೇ 'ಐ ಆಮ್ ಎ ಡೆಡಿಕೇಟೆಡ್ ಪರ್ಸನ್' ಎಂದು ಬರೆದುಕೊಂಡರೆ ನಾನು ಹೊಡೆದುಹಾಕುತ್ತೇನೆ. ಅದು ಓದುವವರು ಹೇಳಬೇಕಾದ ಮಾತು.

ಡಿವೋಟೆಡ್ ಒಳಗೆ ಹರಕೆ ಇದೆ. ಅಲಂಕಾರಕ್ಕೆ ಹೇಳುತ್ತಿಲ್ಲ, ವೌ ಎಂಬ ಇಂಗ್ಲಿಷ್ ಪದವೂ ಡಿವೋಟ್ ಎಂಬುದೂ ಹರಕೆ ಹೊರುವ ಅರ್ಥದ ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ಕಟೀಲು ದೇವಸ್ಥಾನಕ್ಕೆ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ, ಹೇಳಿಕೊಂಡು ವರ್ಷಗಟ್ಟಲೆ ಸರದಿಗೆ ಕಾಯುವವರ ಮನಸ್ಸು ಗೊತ್ತಿದ್ದವರಿಗೆ ಈ ಪದದ ತೂಕ ವಿವರಿಸಬೇಕಿಲ್ಲ. ಅದರಲ್ಲಿ ಪ್ರೀತಿ ಮೊದಲು, ಹೊಣೆ ಆಮೇಲೆ. ಡಿವೋಟೆಡ್ ಮದರ್, ಡಿವೋಟೆಡ್ ಹಸ್ಬೆಂಡ್ ಅನ್ನುತ್ತಾರೆ. ಇನ್ನೂ ಕಾಲಿಡದ ಕಂಪೆನಿಗೆ 'ಐ ಆಮ್ ಡಿವೋಟೆಡ್ ಟು ಯುವರ್ ಕಂಪೆನಿ' ಎಂದು ಬರೆದರೆ ಮೊದಲ ಭೇಟಿಯಲ್ಲೇ ಕಾಲಿಗೆ ಬಿದ್ದ ಹಾಗೆ. ಓದುವವರಿಗೇ ಕಸಿವಿಸಿ.

ಅದೇ ಪದವನ್ನು ಹೊತ್ತಿಗೆ ಜೋಡಿಸಿದರೆ ಚಿತ್ರವೇ ಬೇರೆ. 'ಐ ಡಿವೋಟೆಡ್ ಟೂ ಇಯರ್ಸ್ ಟು ಕೇರಿಂಗ್ ಫಾರ್ ಮೈ ಗ್ರ್ಯಾಂಡ್‌ಮದರ್', ಎರಡು ವರ್ಷ ಅಜ್ಜಿಯ ಆರೈಕೆಗೆ ಮುಡಿಪಾಗಿಟ್ಟೆ. ಓದು ಮುಗಿಸಿ ಎರಡು ವರ್ಷ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು ಬಯೋಡೇಟಾದಲ್ಲಿ ಆ ಖಾಲಿ ಜಾಗವನ್ನು ಹೇಗೆ ತುಂಬುವುದೆಂದು ಹೆದರುತ್ತಾರೆ. ಈ ಒಂದು ವಾಕ್ಯ ಸಾಕು. ಅದರಲ್ಲಿ ಕ್ಷಮೆಯೂ ಇಲ್ಲ, ಬಡಾಯಿಯೂ ಇಲ್ಲ.

ನರ್ಸಿಂಗ್ ಓದುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ದೀಪ ಹಚ್ಚುವ ದಿನ ನೀವು ಹೇಳುವ ನೈಟಿಂಗೇಲ್ ಪ್ರತಿಜ್ಞೆಯನ್ನು ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ನರ್ಸಿಂಗ್ ಶಾಲೆಯೊಂದರಲ್ಲಿ ಲಿಸ್ಟ್ರಾ ಗ್ರೆಟರ್ ಮುಂದಾಳತ್ವದ ಸಮಿತಿ ಅದನ್ನು ರಚಿಸಿ, ನೈಟಿಂಗೇಲ್ ಗೌರವಕ್ಕೆ ಅವರ ಹೆಸರಿಟ್ಟಿತು. ಅದರ ಮೂಲಪಾಠದ ಕೊನೆಯಲ್ಲಿ 'ಡಿವೋಟ್ ಮೈಸೆಲ್ಫ್ ಟು ದ ವೆಲ್‌ಫೇರ್ ಆಫ್ ದೋಸ್ ಕಮಿಟೆಡ್ ಟು ಮೈ ಕೇರ್' ಎಂದಿದೆ. ನಾವು ಹೋಲಿಸುತ್ತಿರುವ ಎರಡು ಪದಗಳೂ ಒಂದೇ ಸಾಲಿನಲ್ಲಿ! ಆದರೆ ಗಮನಿಸಿ, ಇಲ್ಲಿ ಕಮಿಟೆಡ್ ಆದವರು ನರ್ಸ್ ಅಲ್ಲ, ರೋಗಿಗಳು. ನನ್ನ ಕೈಗೆ ಒಪ್ಪಿಸಲ್ಪಟ್ಟವರು ಎಂದು ಅರ್ಥ. ಕಮಿಟ್ ಪದಕ್ಕೆ ಹಿಂದಿನಿಂದ ಇರುವ ಅರ್ಥ ಅದು, ನಂಬಿ ವಹಿಸಿಕೊಡುವುದು. ನರ್ಸ್ ಕೊಡುವುದು ಡಿವೋಟ್, ಮನಸ್ಸಿಟ್ಟು ತನ್ನನ್ನೇ ಕೊಡುವುದು. ಪ್ರತಿಜ್ಞೆಯಲ್ಲಿ ಅಷ್ಟು ದೊಡ್ಡ ಪದ ಸಲ್ಲುತ್ತದೆ, ಯಾಕೆಂದರೆ ಅದು ದೀಪದ ಎದುರು ಆಡುವ ಮಾತು. ಅರ್ಜಿಗೆ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು.

ಬೌಂಡ್ ಟು ಎಂಬ ಗುಂಡಿ

ಬೌಂಡ್ ಅಂದರೆ ಕಟ್ಟಲ್ಪಟ್ಟ, ಬದ್ಧ ಅಂದರೂ ಕಟ್ಟಲ್ಪಟ್ಟ. ನಮ್ಮವರು ಬೀಳುವುದು ಇದೇ ಹೋಲಿಕೆಗೆ. ದಿನಬಳಕೆಯ ಇಂಗ್ಲಿಷಿನಲ್ಲಿ ಬೌಂಡ್ ಟು ಎಂದರೆ 'ಖಂಡಿತ ಹಾಗೇ ಆಗುತ್ತದೆ' ಎಂದು ಅರ್ಥ. 'ಇಟ್ ಈಸ್ ಬೌಂಡ್ ಟು ರೇನ್', ಮಳೆ ಬರದೇ ಇರುವುದಿಲ್ಲ. ಮಳೆಗೆ ಕರ್ತವ್ಯ ಎಲ್ಲಿಂದ ಬರಬೇಕು? ಒಮ್ಮೆ ಒಬ್ಬರು 'ಐ ಆಮ್ ಬೌಂಡ್ ಟು ವರ್ಕ್ ಹಿಯರ್ ಫಾರ್ ತ್ರೀ ಇಯರ್ಸ್' ಎಂದು ಹೆಮ್ಮೆಯಿಂದ ಬರೆದು ತಂದಿದ್ದರು. ನಿಷ್ಠೆ ತೋರಿಸುವುದು ಅವರ ಉದ್ದೇಶ. ಓದಿದರೆ, ಬಾಂಡ್ ಬರೆದುಕೊಟ್ಟು ಸಿಕ್ಕಿಹಾಕಿಕೊಂಡಿದ್ದೇನೆ, ಬಿಡುವ ಹಾಗಿಲ್ಲ ಎಂಬ ಧ್ವನಿ ಬರುತ್ತಿತ್ತು. ಮಂಗಳೂರು ಬೌಂಡ್ ಟ್ರೈನ್ ಎನ್ನುವಾಗಿನ ಬೌಂಡ್ ಇನ್ನೂ ಬೇರೆ. ಅದು ಹೊರಡಲು ಸಿದ್ಧ ಎಂಬರ್ಥದ ಹಳೆಯ ನಾರ್ಸ್ ಪದದಿಂದ ಬಂದದ್ದು, ಕಟ್ಟುವುದಕ್ಕೂ ಅದಕ್ಕೂ ನಂಟಿಲ್ಲ.

ಕರ್ತವ್ಯದ ಅರ್ಥವೇ ಬೇಕೆಂದಿದ್ದರೆ ಹಗ್ಗ ಯಾವುದೆಂದು ಮುಂದೆ ಇಡಿ: ಡ್ಯೂಟಿ-ಬೌಂಡ್, ಆನರ್-ಬೌಂಡ್, ಲೀಗಲಿ ಬೌಂಡ್. ಡ್ಯೂಟಿ-ಬೌಂಡ್ ಎಂಬುದಕ್ಕೆ ಉಡುಪಿಯ ಪರ್ಯಾಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಎಂಟು ಮಠಗಳಲ್ಲಿ ಒಂದರ ಸರದಿ ಬರುತ್ತದೆ. ಸರ್ವಜ್ಞ ಪೀಠ ಏರಿದ ಮೇಲೆ ಕೃಷ್ಣನ ಪೂಜೆ, ಬಂದವರಿಗೆ ಊಟ ಎರಡು ವರ್ಷ ಆ ಮಠದ ಹೊಣೆ. ಇವತ್ತು ಮನಸ್ಸಿಲ್ಲ ಎನ್ನುವಂತಿಲ್ಲ. 'ದ ಪರ್ಯಾಯ ಮಠ ಈಸ್ ಡ್ಯೂಟಿ-ಬೌಂಡ್ ಟು ಪರ್ಫಾರ್ಮ್ ದ ಡೈಲಿ ಪೂಜಾ'. ಸ್ಥಾನದ ಜೊತೆಗೇ ಬಂದ ಹೊಣೆಗೆ ಈ ಪದ. ಅಧ್ಯಕ್ಷರು, ಟ್ರಸ್ಟಿಗಳು, ವೈದ್ಯರು ಬಳಸಬಹುದು. ಹೊಸದಾಗಿ ಸೇರುವ ಹುಡುಗರಿಗೆ ಇದು ಅಳತೆ ಮೀರಿದ ಅಂಗಿ.

ಹಂಗು ಮತ್ತು ಕಟ್ಟಳೆ: ಒಬ್ಲೈಜ್ಡ್

ಕಟ್ಟು ಎಂಬ ಅರ್ಥದ ಲ್ಯಾಟಿನ್ ಪದ ಒಬ್ಲೈಜ್ ಒಳಗೆ ಕೂತಿದೆ. ಮೊಣಕಾಲಿನ ಎಲುಬುಗಳನ್ನು ಬಿಗಿದಿಡುವ ಲಿಗಮೆಂಟ್ ಕೂಡ ಅದೇ ಬೇರಿನದು ಎಂದರೆ ನನ್ನ ನರ್ಸಿಂಗ್ ಮಕ್ಕಳು ಮತ್ತೆ ಮರೆಯುವುದಿಲ್ಲ. ಇಲ್ಲಿ ಕಟ್ಟಿದವರು ಹೊರಗಿನವರು: ಕಾನೂನು, ಪದ್ಧತಿ, ಸನ್ನಿವೇಶ. 'ದ ಓನರ್ ಈಸ್ ಒಬ್ಲೈಜ್ಡ್ ಟು ರಿಟರ್ನ್ ದ ಡೆಪಾಸಿಟ್' ಸರಿಯಾದ ಬಳಕೆ. 'ಐ ಆಮ್ ಒಬ್ಲೈಜ್ಡ್ ಟು ಸರ್ವ್ ಮೈ ಪೇಶಂಟ್ಸ್' ಎಂದರೆ ಬೇರೆ ದಾರಿಯಿಲ್ಲದೆ ಮಾಡುತ್ತೇನೆ ಎಂದಾಗುತ್ತದೆ. ಸೇವೆಯ ಮಾತಿಗೆ ಇದು ಬೇಡವೇ ಬೇಡ. ಅಮೆರಿಕನ್ನರು ಇದೇ ಜಾಗದಲ್ಲಿ ಒಬ್ಲಿಗೇಟೆಡ್ ಅನ್ನುತ್ತಾರೆ. ಅಲ್ಲಿಯ ಕಂಪೆನಿಗೆ ಬರೆಯುವಾಗ ಅದನ್ನು ಬಳಸಿದರೆ ತಪ್ಪಿಲ್ಲ.

ಒಬ್ಲೈಜ್ಡ್‌ಗೆ ಇನ್ನೊಂದು ಮುಖ ಋಣದ್ದು. 'ಐ ವುಡ್ ಬಿ ಒಬ್ಲೈಜ್ಡ್ ಇಫ್ ಯೂ ಕುಡ್' ಎಂದರೆ ದಯವಿಟ್ಟು ಮಾಡಿಕೊಟ್ಟರೆ ಉಪಕಾರ. ನಮ್ಮ ಶಾಲೆಗಳ ರಜಾ ಅರ್ಜಿಯ ಕೊನೆಯ ಸಾಲಿನಲ್ಲಿ 'ಐ ಶಲ್ ಬಿ ಹೈಲಿ ಒಬ್ಲೈಜ್ಡ್' ತಲೆಮಾರುಗಳಿಂದ ಕೂತಿದೆ. ತಪ್ಪಲ್ಲ, ಆದರೆ ಒಂದು ದಿನದ ರಜೆಗೆ ಅಷ್ಟು ಹಂಗು ಹೊರಬೇಕಾಗಿಲ್ಲ. 'ಐ ವುಡ್ ಬಿ ಗ್ರೇಟ್‌ಫುಲ್' ಸಾಕು.

ಬೇಕು, ಬಾರದು: ಮಸ್ಟ್, ಹ್ಯಾವ್ ಟು, ಸಪೋಸ್ಡ್ ಟು

ಮಸ್ಟ್ ಅಂದರೆ ಹೇಳುವವರೇ ಹೇರುವ ಕಟ್ಟು, ಹ್ಯಾವ್ ಟು ಅಂದರೆ ಹೊರಗಿನಿಂದ ಬಂದ ಕಟ್ಟು. ಮೇಲಧಿಕಾರಿಗೆ 'ಯೂ ಮಸ್ಟ್ ಸೈನ್ ಟುಡೇ' ಎಂದು ಬರೆದರೆ ಆಜ್ಞೆ ಮಾಡಿದ ಹಾಗಾಗುತ್ತದೆ. 'ದ ಫಾರ್ಮ್ ಹ್ಯಾಸ್ ಟು ಬಿ ಸೈನ್ಡ್ ಟುಡೇ' ಎಂದರೆ ನಿಯಮ ಹಾಗಿದೆ ಎಂದಷ್ಟೇ. ಅದೇ ಕೆಲಸ ಆಗುತ್ತದೆ, ಯಾರ ಮನಸ್ಸೂ ಕೆಡುವುದಿಲ್ಲ. ಈ ಅರ್ಥದ ಮಸ್ಟ್‌ಗೆ ಭೂತಕಾಲದ ರೂಪ ಇಲ್ಲ, ನಿನ್ನೆಯ ಮಾತಿಗೆ ಹ್ಯಾಡ್ ಟು ಒಂದೇ ಗತಿ.

ಅಪಾಯ ಇರುವುದು ಇಲ್ಲ ಎನ್ನುವಾಗ. 'ಮಸ್ಟ್ ನಾಟ್' ಎಂದರೆ ಮಾಡಕೂಡದು. 'ಡೋಂಟ್ ಹ್ಯಾವ್ ಟು' ಎಂದರೆ ಮಾಡಬೇಕಾಗಿಲ್ಲ, ಮಾಡಿದರೂ ತೊಂದರೆಯಿಲ್ಲ. ಔಷಧದ ವಿಷಯದಲ್ಲಿ ಇವೆರಡು ಅದಲುಬದಲಾದರೆ ಏನಾದೀತು ಯೋಚಿಸಿ. ನಮ್ಮೂರಿನವರಿಗೆ ಇದನ್ನು ಕಲಿಸಲು ನಾನು ತುಳುವಿಗೇ ಹೋಗುತ್ತೇನೆ. ಮಸ್ಟ್ ನಾಟ್ ಅಂದರೆ 'ಬಲ್ಲಿ', ಡೋಂಟ್ ಹ್ಯಾವ್ ಟು ಅಂದರೆ 'ಬೊಡ್ಚಿ'. ಚಿಕ್ಕಂದಿನಿಂದ ಬಾವಿಕಟ್ಟೆಯ ಹತ್ತಿರ ಹೋದಾಗ 'ಬಲ್ಲಿ' ಎಂದು ಬೈಸಿಕೊಂಡವರಿಗೆ, ಎರಡನೆಯ ಸಲ ಅನ್ನ ಬಡಿಸಲು ಬಂದಾಗ 'ಬೊಡ್ಚಿ' ಎಂದವರಿಗೆ, ವ್ಯತ್ಯಾಸ ಮೈಯಲ್ಲೇ ಇದೆ.

ಸಪೋಸ್ಡ್ ಟು ಬಗ್ಗೆ ಎಚ್ಚರ. 'ಐ ವಾಸ್ ಸಪೋಸ್ಡ್ ಟು ಸೆಂಡ್ ಇಟ್' ಎಂದರೆ ಕಳಿಸಬೇಕಿತ್ತು, ಕಳಿಸಲಿಲ್ಲ ಎಂದು ಒಪ್ಪಿಕೊಂಡ ಹಾಗೆ.

ಸಹಿ ಹಾಕುವ ಕಾಗದ: ಶಲ್, ಅಂಡರ್‌ಟೇಕ್

ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ ಊರು ನಮ್ಮದು. ಸಾಲಪತ್ರ, ಜಾಮೀನು ಪತ್ರ ಕಾಣದ ಮನೆ ಕಡಿಮೆ. ಆ ಕಾಗದಗಳಲ್ಲಿ 'ದ ಬಾರೋವರ್ ಶಲ್ ರಿಪೇ' ಎಂದಿದ್ದರೆ ಅದು ಭವಿಷ್ಯದ ವಿವರಣೆಯಲ್ಲ, ಕಟ್ಟಲೇಬೇಕು ಎಂಬ ಷರತ್ತು. ಸಂವಿಧಾನದ 51ಎ ವಿಧಿ ಶುರುವಾಗುವುದೂ 'ಇಟ್ ಶಲ್ ಬಿ ದ ಡ್ಯೂಟಿ ಆಫ್ ಎವರಿ ಸಿಟಿಜನ್ ಆಫ್ ಇಂಡಿಯಾ' ಎಂದೇ. ಮೂಲಭೂತ ಕರ್ತವ್ಯಗಳ ಈ ವಿಧಿ 1976ರ 42ನೇ ತಿದ್ದುಪಡಿಯಲ್ಲಿ ಸೇರಿತು. 'ಐ ಹಿಯರ್‌ಬೈ ಅಂಡರ್‌ಟೇಕ್ ಟು' ಎಂಬುದು ಮುಚ್ಚಳಿಕೆಯ ಭಾಷೆ. ಸಹಿ ಹಾಕಿದ ಮೇಲೆ ಅದನ್ನೇ ಮುಂದಿಟ್ಟು ಕೇಳಬಹುದು. ಈ ಪಟ್ಟಿಯಲ್ಲಿ ಅತ್ಯಂತ ದುಬಾರಿ ಪದಗಳು ಇವು. ತೂಕ ಇರಲಿ ಎಂದು ಇಮೇಲಿನಲ್ಲಿ ಸೇರಿಸಬೇಡಿ.

ಕುಂದಾಪುರದ ಕಡೆಯಿಂದ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಹೊರದೇಶಕ್ಕೆ ಕಳಿಸುವ ಅಕ್ಕ ಒಬ್ಬರು ತಾರೀಕಿನ ವಿಷಯದಲ್ಲಿ ಏನು ಬರೆಯಬೇಕೆಂದು ಕೇಳಿದ್ದರು. ಜುಲೈಯಲ್ಲಿ ಬಿಸಿಲಿಲ್ಲ, ಹಪ್ಪಳ ಒಣಗುವುದು ಅವರ ಕೈಯಲ್ಲಿಲ್ಲ. 'ವಿ ಅಂಡರ್‌ಟೇಕ್ ಟು ಡೆಲಿವರ್' ಬರೆದರೆ ತಡವಾದ ದಿನಕ್ಕೆ ದುಡ್ಡು ಕೇಳಿಯಾರು. 'ವಿ ವಿಲ್ ಟ್ರೈ' ಬರೆದರೆ ಆರ್ಡರೇ ಬರಲಿಕ್ಕಿಲ್ಲ. ಅವರಿಗೆ ಎರಡು ವಾಕ್ಯ ಮಾಡಿಕೊಟ್ಟೆ. ಉಪ್ಪಿನಕಾಯಿಗೆ 'ವಿ ವಿಲ್ ಶಿಪ್ ಬೈ ದ ಟೆಂತ್', ಹತ್ತನೆಯ ತಾರೀಕಿನೊಳಗೆ ಕಳಿಸುತ್ತೇವೆ. ಹಪ್ಪಳಕ್ಕೆ 'ವಿ ವಿಲ್ ಡೂ ಅವರ್ ಬೆಸ್ಟ್, ಆಂಡ್ ವಿಲ್ ಟೆಲ್ ಯೂ ಬೈ ದ ಫಿಫ್ತ್ ಇಫ್ ಇಟ್ ಈಸ್ ಲೇಟ್'. ಸರಳ 'ವಿಲ್' ಎಂಬುದನ್ನು ನಮ್ಮವರು ಹಗುರ ಎಂದು ಬದಿಗಿಡುತ್ತಾರೆ. ತಾರೀಕು ಸೇರಿದ 'ವಿಲ್'ಗೆ ತಾರೀಕಿಲ್ಲದ 'ಕಮಿಟೆಡ್'ಗಿಂತ ಹೆಚ್ಚು ಬಲ ಇದೆ.

ಮಾತಿಗೆ ಮಾತ್ರ ಸರಿ

'ಗೋ ದ ಎಕ್ಸ್‌ಟ್ರಾ ಮೈಲ್' ಬೈಬಲಿನ ಗಿರಿಪ್ರವಚನದಿಂದ ಬಂದದ್ದು. ಒಂದು ಮೈಲಿ ಬಾ ಎಂದು ಬಲವಂತ ಮಾಡಿದವನ ಜೊತೆ ಎರಡು ಮೈಲಿ ಹೋಗು ಎಂಬ ಮಾತು. ಸಂದರ್ಶನದಲ್ಲಿ ಒಮ್ಮೆ ಹೇಳಬಹುದು, ಹೇಳಿದ ಕೂಡಲೇ ಒಂದು ನಿಜವಾದ ಘಟನೆ ಬಾಯಲ್ಲಿರಬೇಕು. 'ಅಟ್ ಎನಿ ಕಾಸ್ಟ್' ಎಂದರೆ ಏನೇ ಆಗಲಿ, ಎಷ್ಟೇ ಖರ್ಚಾಗಲಿ. ವ್ಯಾಪಾರದ ಪತ್ರದಲ್ಲಿ ಇದು ಕೈಸುಡುವ ಮಾತು. 'ಹೆಲ್-ಬೆಂಟ್ ಆನ್' ಎಂಬುದನ್ನು ಹಟ ಎಂದು ತಿಳಿದು ಹೊಗಳಿಕೆಗೆ ಬಳಸುವುದನ್ನು ನೋಡಿದ್ದೇನೆ. ಅದರಲ್ಲಿ ಹಾಳಾದರೂ ಸರಿ ಎಂಬ ಮೊಂಡುತನವೇ ಹೆಚ್ಚು.

ಯಾರಿಗೆ ಯಾವುದು

ಮೊದಲ ಕೆಲಸ ಹುಡುಕುವವರು ಕಮಿಟೆಡ್ ಟು ಆರಿಸಿ, ಒಂದೇ ಸಲ, ಖಚಿತವಾದ ಕೆಲಸದ ಹೆಸರಿನೊಂದಿಗೆ. ಬೇರೆಯವರನ್ನು ಮೆಚ್ಚುವಾಗ ಡೆಡಿಕೇಟೆಡ್. ಮನೆಯವರ ಬಗ್ಗೆ, ಅಗಲಿದವರ ಬಗ್ಗೆ, ಕೊಟ್ಟ ವರ್ಷಗಳ ಬಗ್ಗೆ ಬರೆಯುವಾಗ ಡಿವೋಟೆಡ್. ಸಂಸ್ಥೆಯ ಹೊಣೆ ಹೊತ್ತವರಿಗೆ ಡ್ಯೂಟಿ-ಬೌಂಡ್. ನಿಯಮ ತಿಳಿಸುವಾಗ ಹ್ಯಾವ್ ಟು ಅಥವಾ ಒಬ್ಲೈಜ್ಡ್ ಟು. ಶಲ್, ಅಂಡರ್‌ಟೇಕ್ ಕಂಡಲ್ಲಿ ಸಹಿ ಹಾಕುವ ಮೊದಲು ಇನ್ನೊಮ್ಮೆ ಓದಿ, ಬೇಕಾದರೆ ವಕೀಲರಿಗೆ ತೋರಿಸಿ.

ಆ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ. 'ಐ ಆಮ್ ಕಮಿಟೆಡ್ ಟು ಕೇರಿಂಗ್ ಫಾರ್ ಮೈ ಪೇಶಂಟ್ಸ್' ಎಂದು ಬರೆದಳು. ಕೇರ್ ಆದ ಮೇಲೆ ಬಿಟ್ಟುಹೋಗಿದ್ದ 'ಫಾರ್' ಕೂಡ ಬಂತು. ಬರೆದು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. "ಟೀಚರ್, ಇದನ್ನು ಎಲ್ಲರೂ ಬರೀತಾರಲ್ವಾ?" ಹೌದು ಎಂದೆ. ಹಾಗಾದರೆ ನೀನು ಮಾಡಿದ್ದೇನು, ಅದನ್ನು ಹೇಳು. ಪಾರ್ಶ್ವವಾಯು ಆಗಿ ಮಲಗಿದಲ್ಲೇ ಇದ್ದ ಅಜ್ಜಿಯೊಬ್ಬರನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಂಡಿದ್ದಳಂತೆ. ಬೆನ್ನಿಗೆ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬದಲಿಸಿದ ಹೊತ್ತನ್ನು ಚಾರ್ಟಿನಲ್ಲಿ ಗುರುತು ಹಾಕಿ, ಒಂದು ಸಲವೂ ತಪ್ಪಿಸಿರಲಿಲ್ಲ. ಕಮಿಟೆಡ್ ಸಾಲಿನ ಕೆಳಗೆ ಅದನ್ನು ಸರಳ ಇಂಗ್ಲಿಷಿನಲ್ಲಿ ಬರೆದಳು. ಆ ವಾಕ್ಯದಲ್ಲಿ ತಿದ್ದಲು ನನಗೆ ಒಂದು 'ದ' ಮಾತ್ರ ಸಿಕ್ಕಿತು.